ಸೈಟು ಕೊಳ್ಳುವವರು ಕೇಳುವ ಪ್ರಶ್ನೆಗಳ ಹಿಂದಿನ ಚರಿತ್ರೆ

ಪತ್ರಿಕೋದ್ಯಮ ಓದಿದ ನಮ್ಮನ್ನು ಊರಿನ ನೆಂಟರಿಷ್ಟರು ಕೇಳುವ ಪ್ರಶ್ನೆ ಬಹುತೇಕ ರಾಜಕೀಯದ್ದಲ್ಲ, ಸೈಟಿನದ್ದು. ‘ಪೇಪರ್‌ನೋರು ನೀವು, ನಿಮಗೆ ಗೊತ್ತಿರುತ್ತೆ. ಒಂದು ಸೈಟ್ ನೋಡಿದೀವಿ, ತಗೋಬಹುದಾ?’ ಆಮೇಲೆ ಒಂದರ ಹಿಂದೊಂದು ಬರುತ್ತವೆ: ಕನ್ವರ್ಷನ್ ಆಗಿದ್ರೆ ಸಾಕಾ? ಖಾತಾ ಎ ಆಗಬೇಕಾ, ಬಿ ಇದ್ದರೂ ನಡೆಯುತ್ತಾ? ಇ.ಸಿ. ಎಷ್ಟು ವರ್ಷದ್ದು ತೆಗೆಸಬೇಕು? ಹೆಣ್ಣುಮಕ್ಕಳ ಸಹಿ ಯಾಕೆ ಬೇಕು? ಕೊನೆಯದಾಗಿ, ಇನ್ನೈದು ವರ್ಷಕ್ಕೆ ಎಷ್ಟಾಗಬಹುದು?

ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ನಮ್ಮ ನಾಡಿನಲ್ಲಿ ಜಮೀನು ಕೈ ಬದಲಾಯಿಸಿದ ಚರಿತ್ರೆಯಿಂದ ಬಂದ ಪ್ರಶ್ನೆಗಳು. ಪ್ರತಿಯೊಂದು ಕಾಗದದ ಹಿಂದೆಯೂ ಯಾವುದೋ ಕಾಲದಲ್ಲಿ ಜಮೀನು ಕಳೆದುಕೊಂಡವರೋ, ದುಡ್ಡು ಕಳೆದುಕೊಂಡವರೋ ಇದ್ದಾರೆ. ಆ ಕಥೆ ಗೊತ್ತಿಲ್ಲದೆ ಬರೀ ಪಟ್ಟಿ ಹಿಡಿದು ಹೋದರೆ, ಕಾಗದವೆಲ್ಲ ಸರಿಯಿದೆ ಎಂದು ಏಜೆಂಟರು ಹೇಳಿದ ಕೂಡಲೇ ತಲೆಯಾಡಿಸಿಬಿಡುತ್ತೇವೆ. ಆದ್ದರಿಂದ ಈ ಸಲ ಪ್ರಶ್ನೆಗಳ ಚರಿತ್ರೆಯನ್ನೇ ಬರೆಯುತ್ತಿದ್ದೇವೆ. ನಮ್ಮ ಉದಾಹರಣೆ ಹೆಚ್ಚಾಗಿ ಬೆಂಗಳೂರು ಮತ್ತು ಅದರ ಸುತ್ತಲಿನದು. ಆದರೆ ಕಾನೂನು ಇಡೀ ರಾಜ್ಯದ್ದು.

ವಾಸಕ್ಕಾಗಿ ಹುಟ್ಟಿದ ಸೈಟು

ಹಳ್ಳಿಯಲ್ಲಿ ಮನೆ ಇದ್ದದ್ದು ಗ್ರಾಮಠಾಣಾದ ಒಳಗೆ, ಹೊಲ ಇದ್ದದ್ದು ಹೊರಗೆ. ಹೊಲವನ್ನು ಅಳೆದು, ರಸ್ತೆ ಎಳೆದು, ನಂಬರು ಹಾಕಿ ಮನೆ ಕಟ್ಟಲು ಮಾರುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು 19ನೇ ಶತಮಾನದ ಕೊನೆಯಲ್ಲಿ. ಬೆಂಗಳೂರಿನ ಹಳೆಯ ಪೇಟೆಯ ಪಕ್ಕ 1892ರಲ್ಲಿ ಚಾಮರಾಜಪೇಟೆ ಬಂತು. 1898ರಲ್ಲಿ ಊರಿಗೆ ಪ್ಲೇಗು ಬಡಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ನೇರ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಮನೆ ಮನೆಯ ನಡುವೆ ಗಾಳಿಗೆ ಜಾಗ. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತಂದು ಬದುಕಿಸಬೇಕು ಎಂಬುದು ಆಗಿನ ಗುರಿ.

ಮೈಸೂರಿನಲ್ಲಿ 1903ರಲ್ಲಿ, ಬೆಂಗಳೂರಿನಲ್ಲಿ 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಗಳು ಬಂದವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. 1976ರ ಕಾಯ್ದೆಯಿಂದ ಬೆಂಗಳೂರಿನ ಮಂಡಳಿಯ ಜಾಗಕ್ಕೆ ಬಿಡಿಎ ಬಂತು. ಬಿಡಿಎ ಸೈಟು ಹಂಚುತ್ತಿದ್ದ ನಿಯಮವನ್ನು ನೋಡಿದರೆ ಆ ಕಾಲದ ಮನಸ್ಸು ತಿಳಿಯುತ್ತದೆ. ನಗರದಲ್ಲಿ ಆಗಲೇ ಸ್ವಂತ ಮನೆಯೋ ನಿವೇಶನವೋ ಇದ್ದವರು ಅರ್ಜಿ ಹಾಕುವಂತಿರಲಿಲ್ಲ. ಸೈಟು ಸಿಕ್ಕವರಿಗೂ ಮೊದಲು ಆಗುತ್ತಿದ್ದುದು ಹತ್ತು ವರ್ಷದ ಗುತ್ತಿಗೆ-ಮಾರಾಟ ಕರಾರು. ಗೊತ್ತುಪಡಿಸಿದ ಅವಧಿಯೊಳಗೆ ಮನೆ ಕಟ್ಟಬೇಕಿತ್ತು, ಪೂರ್ತಿ ಕ್ರಯಪತ್ರ ಆಮೇಲೆ. ಸೈಟು ಕೊಂಡು ಮಾರುವ ವಸ್ತುವಾಗಬಾರದು ಎಂದು ಕಾಗದದ ಮೇಲಾದರೂ ಸರ್ಕಾರಕ್ಕೆ ಅನ್ನಿಸಿತ್ತು.

ಆದರೆ ಅರ್ಜಿದಾರರು ಹೆಚ್ಚು, ಸೈಟು ಕಡಿಮೆ. ನಾಲ್ಕಾರು ಸಲ ಅರ್ಜಿ ಹಾಕಿಯೂ ಸಿಗದೆ ನಿವೃತ್ತಿಯಾದವರ ಮನೆಗಳು ಎಲ್ಲರಿಗೂ ಗೊತ್ತು. ಆ ಕಾಯುವಿಕೆಯಲ್ಲೇ ಎರಡು ಅಡ್ಡದಾರಿಗಳು ಹುಟ್ಟಿಕೊಂಡವು.

ಸಂಘದ ಸೈಟು

ಮೊದಲನೆಯದು ಗೃಹ ನಿರ್ಮಾಣ ಸಹಕಾರ ಸಂಘ. ಕಾರ್ಖಾನೆ, ಬ್ಯಾಂಕು, ಸರ್ಕಾರಿ ಇಲಾಖೆಯ ನೌಕರರು ಸೇರಿ ಸಂಘ ಕಟ್ಟುವುದು, ಸಂಘಕ್ಕಾಗಿ ಸರ್ಕಾರವೇ 1894ರ ಭೂಸ್ವಾಧೀನ ಕಾಯ್ದೆಯಡಿ ರೈತರಿಂದ ಜಮೀನು ವಶಪಡಿಸಿಕೊಡುವುದು. ಆಲೋಚನೆ ಒಳ್ಳೆಯದೇ. ಆದರೆ 1980ರ ದಶಕದ ಹೊತ್ತಿಗೆ ಸಂಘಕ್ಕೂ ಸರ್ಕಾರಕ್ಕೂ ನಡುವೆ ದಲ್ಲಾಳಿಗಳು ಕೂತಿದ್ದರು. ಸಂಘಗಳ ವ್ಯವಹಾರದ ಬಗ್ಗೆ ಸರ್ಕಾರವೇ ಜಿ.ವಿ.ಕೆ. ರಾವ್ ಅವರಿಂದ ವಿಚಾರಣೆ ಮಾಡಿಸಬೇಕಾಯಿತು.

1995ರಲ್ಲಿ ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ದೊಡ್ಡದು. ಜಮೀನು ವಶಪಡಿಸಿಕೊಡಿಸಲು ಸಂಘ ಮಧ್ಯವರ್ತಿಯೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಇದು ಸಾರ್ವಜನಿಕ ಉದ್ದೇಶದ ಸ್ವಾಧೀನವಲ್ಲ ಎಂದ ನ್ಯಾಯಾಲಯ, ಸ್ವಾಧೀನವನ್ನು ರದ್ದು ಮಾಡಿದ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿದು ಜಮೀನನ್ನು ಮಾಲೀಕರಿಗೆ ಹಿಂದಿರುಗಿಸಲು ಹೇಳಿತು. ಕಂತು ಕಟ್ಟಿದ ಸದಸ್ಯರ ಕೈಯಲ್ಲಿ ರಸೀದಿ ಇದ್ದರೂ ಸಂಘದ ಕೈಯಲ್ಲಿ ಜಮೀನೇ ಉಳಿಯದೆ ಹೋಗಬಹುದು ಎಂದು ಎಲ್ಲರಿಗೂ ತಿಳಿದದ್ದು ಆಗ.

ಹಾಗಾಗಿ ಸಂಘದ ಸೈಟಾಗಲಿ ಕಂಪನಿಯ ಸೈಟಾಗಲಿ, ಮೊದಲ ಪ್ರಶ್ನೆ ಇದು: ಮಾರುವವರಿಗೆ ಈ ಜಮೀನು ಹೇಗೆ ಬಂತು? ಕ್ರಯದಿಂದಲೋ, ಸ್ವಾಧೀನದಿಂದಲೋ, ಬರೀ ಕರಾರಿನಿಂದಲೋ? ಬ್ರೋಷರಿನಲ್ಲಿ ಕ್ಲಬ್ ಹೌಸಿನ ಚಿತ್ರ ದೊಡ್ಡದಾಗಿರುತ್ತದೆ. ಈ ಉತ್ತರ ಎಲ್ಲೂ ಇರುವುದಿಲ್ಲ.

ರೆವಿನ್ಯೂ ಸೈಟು, ಗುಂಟೆ ಸೈಟು

ಎರಡನೆಯ ಅಡ್ಡದಾರಿ ನಮ್ಮ ಹಳ್ಳಿಗಳ ಮೇಲೆಯೇ ಹಾದುಹೋಯಿತು.

1961ರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳ ಪ್ರಕಾರ ಕೃಷಿಕರಲ್ಲದವರು ಮತ್ತು ಬೇರೆ ಮೂಲದಿಂದ ಹೆಚ್ಚು ಆದಾಯ ಇರುವವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ನಾವು ‘ಕನ್ವರ್ಷನ್’ ಅನ್ನುವುದು, ಧಾರವಾಡ-ಬೆಳಗಾವಿ ಕಡೆಯವರು ‘ಎನ್.ಎ. ಆಗೇತೇನ್ರಿ?’ ಎಂದು ಕೇಳುವುದು ಈ ಅನುಮತಿಯನ್ನೇ.

ಪೇಟೆಯ ನೌಕರನಿಗೆ ಸೈಟು ಬೇಕು, ರೈತನಿಗೆ ಮಗಳ ಮದುವೆಗೋ ಸಾಲ ತೀರಿಸಲೋ ದುಡ್ಡು ಬೇಕು. ಕಾನೂನು ನಡುವೆ ನಿಂತಿತ್ತು. ಹಾಗಾಗಿ ಜಿಪಿಎ ಬಂತು. ಕ್ರಯಪತ್ರದ ಬದಲು ಒಂದು ಅಧಿಕಾರಪತ್ರ, ಒಂದು ಕರಾರು, ಒಂದು ಅಫಿಡವಿಟ್ಟು. ಹೊಲಕ್ಕೆ ಗೂಟ ಹೊಡೆದು ಗುಂಟೆ ಲೆಕ್ಕದಲ್ಲಿ ಮಾರಿದರು. ನಮ್ಮ ಸರ್ವೆ ಸರಪಳಿಯ ಉದ್ದ 33 ಅಡಿ, ಅಂದರೆ 16 ಆಣೆ. 33×33 ಅಡಿ ಒಂದು ಗುಂಟೆ, 1,089 ಚದರ ಅಡಿ. ಪೇಟೆಯ 30×40 ಸೈಟು 1,200 ಚದರ ಅಡಿ. ಅಂದರೆ ಒಂದು ಗುಂಟೆಯಲ್ಲಿ ಒಂದು 30×40 ಹಿಡಿಯುವುದೇ ಇಲ್ಲ, ರಸ್ತೆಗಂತೂ ಜಾಗವೇ ಇಲ್ಲ. ನಗರದ ಅಂಚಿನ ಎಷ್ಟೋ ಬಡಾವಣೆಗಳಲ್ಲಿ ಗಾಡಿ ತಿರುಗಿಸಲು ಆಗದ ರಸ್ತೆಗಳು ಹುಟ್ಟಿದ್ದು ಹೀಗೆ.

2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅಷ್ಟರಲ್ಲಿ ಆ ಸೈಟುಗಳ ಮೇಲೆ ಎರಡಂತಸ್ತಿನ ಮನೆಗಳು ಎದ್ದಿದ್ದವು.

ಎ, ಬಿ ಅಕ್ಷರಗಳು ಎಲ್ಲಿಂದ ಬಂದವು?

2007ರಲ್ಲಿ ಬೆಂಗಳೂರಿನ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಹಳ್ಳಿಗಳ ಜೊತೆಗೆ ಅಲ್ಲಿನ ರೆವಿನ್ಯೂ ಸೈಟುಗಳೂ ಬಂದವು. ಅವುಗಳಿಂದ ತೆರಿಗೆ ಬೇಕು, ಆದರೆ ಅವು ಸಕ್ರಮ ಎಂದು ಒಪ್ಪುವಂತಿಲ್ಲ. ಅದಕ್ಕೆ ಪಾಲಿಕೆ ಬೇರೊಂದು ವಹಿ ತೆರೆಯಿತು. ಅದೇ ಬಿ ರಿಜಿಸ್ಟರು, ಜನರ ಬಾಯಲ್ಲಿ ‘ಬಿ ಖಾತಾ’.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಖಾತಾ ಎಂದರೆ ಲೆಕ್ಕದ ಪುಸ್ತಕದಲ್ಲಿನ ಪುಟ. ತೆರಿಗೆ ಯಾರ ಹೆಸರಿನಲ್ಲಿ ವಸೂಲಿ ಮಾಡಬೇಕು ಎಂದು ಅದು ಹೇಳುತ್ತದೆಯೇ ಹೊರತು ಮಾಲೀಕರು ಯಾರು ಎಂದು ತೀರ್ಮಾನಿಸುವುದಿಲ್ಲ. ಎ ಖಾತಾ ಇದ್ದ ಮಾತ್ರಕ್ಕೆ ಮೂಲಪತ್ರ ನೋಡುವುದು ತಪ್ಪುವುದಿಲ್ಲ.

ಅಕ್ರಮ-ಸಕ್ರಮದ ಭರವಸೆಯೂ ಇದೇ ಕಾಲದ್ದು. 2014ರಲ್ಲಿ ನಿಯಮ ಬಂತು, 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ‘ಮುಂದೆ ಸಕ್ರಮ ಆಗುತ್ತೆ ಸಾರ್’ ಎಂಬ ಮಾತನ್ನು ನಂಬಿ ಕೊಂಡವರು ಪ್ರತಿ ಚುನಾವಣೆಗೂ ಕಾಯುವಂತಾಯಿತು.

ಹಳ್ಳಿಗಳಲ್ಲಿ 2013ರ ಹೊತ್ತಿಗೆ ಇ-ಸ್ವತ್ತು ಬಂದು, ಪಂಚಾಯಿತಿಯ ಕೈಬರಹದ ಖಾತೆಯ ಜಾಗದಲ್ಲಿ ನಮೂನೆ 9 ಮತ್ತು 11 ಗಣಕದಿಂದ ಬರತೊಡಗಿದವು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತಾ ಕೇಳುತ್ತಿದ್ದಾರೆ. ಇದರಿಂದ ಒಂದೇ ಸೈಟನ್ನು ಇಬ್ಬರಿಗೆ ಮಾರುವ ಹಳೆಯ ಆಟ ಕಷ್ಟವಾಗುತ್ತದೆ. ಆದರೆ ತಪ್ಪು ವಂಶವೃಕ್ಷ ಕೊಟ್ಟು ಮಾಡಿಸಿದ ಖಾತೆ ಗಣಕಕ್ಕೆ ಹೋದ ಮಾತ್ರಕ್ಕೆ ಸರಿಯಾಗುವುದಿಲ್ಲ.

ಇನ್ನೊಂದು ಗೊಂದಲ ಈಚಿನದು. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಈಗ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಅದನ್ನೇ ಹಿಡಿದುಕೊಂಡು ‘ಈಗ ಕನ್ವರ್ಷನ್ನೇ ಬೇಡ’ ಎಂದು ಮಾರುವವರಿದ್ದಾರೆ. ಕೊಳ್ಳುವ ಅಡ್ಡಿ ಹೋಗಿದೆ, ಅನುಮತಿಯಿಲ್ಲದೆ ಬಡಾವಣೆ ಮಾಡಬಾರದು ಎಂಬುದು ಹೋಗಿಲ್ಲ.

ಮೂಲಪತ್ರ ಕೇಳುವುದು ಯಾಕೆ?

ವಕೀಲರು ಮೂಲಪತ್ರ, ಪಹಣಿ, ಮ್ಯುಟೇಶನ್, ವಂಶವೃಕ್ಷ ಎಂದು ಪಟ್ಟಿ ಕೊಡುತ್ತಾರೆ. ಕೊಳ್ಳುವವರಿಗೆ ಇದು ಕಿರಿಕಿರಿ. ಆದರೆ ಕರ್ನಾಟಕದ ಹಳ್ಳಿಯ ಸಾಮಾಜಿಕ ಚರಿತ್ರೆ ಇರುವುದು ಈ ಕಾಗದಗಳಲ್ಲೇ.

1954ರ ಕಾಯ್ದೆಯಿಂದ ಹಳೆ ಮೈಸೂರಿನಲ್ಲಿ ಇನಾಂ ರದ್ದಾಯಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಿಂದ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಉಳುವ ಹೊಲದ ಒಡೆಯರಾದರು. ಹೀಗೆ ಬಂದ ಜಮೀನನ್ನು 15 ವರ್ಷ ಮಾರುವಂತಿಲ್ಲ ಎಂಬ ಷರತ್ತಿತ್ತು. ಭೂಮಿ ಸಿಕ್ಕವನ ಕೈಯಿಂದ ಅದು ತಕ್ಷಣ ಜಾರಿಹೋಗಬಾರದು ಎಂಬುದೇ ಕಾರಣ.

1978ರಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ನಿಷೇಧ ಕಾಯ್ದೆ, ಅಂದರೆ ಪಿಟಿಸಿಎಲ್ ಬಂತು. ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಮಾರಿದರೆ ಆ ಮಾರಾಟ ಊರ್ಜಿತವಲ್ಲ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಜಮೀನು ಹಿಂದಕ್ಕೆ ಕೇಳಬಹುದು. ಬಹಳ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದಲಿತ ಸಂಘಟನೆಗಳ ಹೋರಾಟದ ನಂತರ, ಕಾಲಮಿತಿ ಇಲ್ಲ ಎಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು.

ಸೈಟು ಮಾರುವವರ ಭಾಷೆಯಲ್ಲಿ ಇದು ‘ಪಿಟಿಸಿಎಲ್ ತೊಂದರೆ’. ಆದರೆ ಇದನ್ನು ತೊಂದರೆ ಎನ್ನುವ ಮೊದಲು ನಾವು ಯೋಚಿಸಬೇಕು. ಕಷ್ಟಕಾಲದಲ್ಲಿ ಒಂದಿಷ್ಟು ದುಡ್ಡಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ ಜಮೀನು, ಆ ಮನೆಯ ಪಾಲಿಗೆ ಸಿಕ್ಕಿದ್ದ ಒಂದೇ ಆಸ್ತಿ. ಗೊತ್ತಿಲ್ಲದೆ ಅದರ ಮೇಲೆ ಸೈಟು ಕೊಂಡ ಗಾರ್ಮೆಂಟ್ಸ್ ಕಾರ್ಮಿಕರ ಕುಟುಂಬಕ್ಕೂ ಅದೇ ಒಂದೇ ಆಸ್ತಿ. ಎರಡು ಬಡ ಮನೆಗಳು ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಲ್ಲುವಾಗ ನಡುವೆ ಲಾಭ ಮಾಡಿಕೊಂಡವರು ಅಲ್ಲಿ ಇರುವುದೇ ಇಲ್ಲ. ಮಂಜೂರಾತಿ ಜಮೀನೇ ಎಂದು ಮೊದಲೇ ವಿಚಾರಿಸುವುದು ನಮ್ಮ ದುಡ್ಡು ಉಳಿಸಿಕೊಳ್ಳುವ ಜಾಣತನವಷ್ಟೇ ಅಲ್ಲ, ಇನ್ನೊಬ್ಬರ ಹಕ್ಕಿನ ಮೇಲೆ ಮನೆ ಕಟ್ಟದಿರುವ ಎಚ್ಚರವೂ ಹೌದು.

ಹೆಣ್ಣುಮಕ್ಕಳ ಸಹಿಯೂ ಹಾಗೆಯೇ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬ ಕಾನೂನು ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಜಾರಿಗೆ ಬಂತು, ಆಗ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಒಳಗೆ ತಂದಿತು. ತಂದೆ 2005ರಲ್ಲಿ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಮಾರಾಟ, ವಿಭಾಗಗಳನ್ನು ಮಾತ್ರ ಕಾನೂನು ಮುಟ್ಟುವುದಿಲ್ಲ. ಇಷ್ಟಾದರೂ ವಂಶವೃಕ್ಷ ಬರೆಸುವಾಗ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನು ಬಿಡುವ ಅಭ್ಯಾಸ ಹೋಗಿಲ್ಲ. ಆ ಅಕ್ಕ-ತಂಗಿಯರು ದಾವೆ ಹಾಕಿದಾಗ ‘ದುಡ್ಡಿಗೆ ಆಸೆಬಿದ್ದರು’ ಎಂದು ಊರು ಆಡಿಕೊಳ್ಳುತ್ತದೆ. ಅವರನ್ನು ಕೇಳದೆ ಮಾರಿದವರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇ.ಸಿ. ಇದನ್ನೆಲ್ಲ ತೋರಿಸುವುದಿಲ್ಲ ಎಂಬುದು ನೆನಪಿರಲಿ. 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುವುದು. ಬಾಯಿಮಾತಿನ ಪಾಲುಪಟ್ಟಿ, ನೋಂದಣಿಯಾಗದ ಕರಾರು, ತಂಗಿಯ ಹಕ್ಕು ಅದರಲ್ಲಿಲ್ಲ. ‘ಇ.ಸಿ. ಕ್ಲಿಯರ್’ ಎಂದರೆ ಎಲ್ಲ ಕ್ಲಿಯರ್ ಎಂದಲ್ಲ.

ಒಂದು ಎಕರೆಯ ಲೆಕ್ಕ

ಸೈಟಿನ ಬೆಲೆ ಎಲ್ಲಿಂದ ಬರುತ್ತದೆ? ಒಂದು ಎಕರೆಗೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಶೇ 55ರಷ್ಟು ಮಾರಾಟಕ್ಕೆ ಉಳಿಯಿತು ಎಂದುಕೊಳ್ಳಿ. 23,958 ಚದರ ಅಡಿ, ಅಂದರೆ ಇಪ್ಪತ್ತು 30×40 ಸೈಟುಗಳು. ನಿಮ್ಮ ಸೈಟಿನ ಬೆಲೆಯನ್ನು ಇಪ್ಪತ್ತರಿಂದ ಗುಣಿಸಿ, ರೈತನಿಗೆ ಎಕರೆಗೆ ಸಿಕ್ಕಿದ್ದೆಷ್ಟು ಎಂದು ಊರಿನಲ್ಲಿ ವಿಚಾರಿಸಿ. ರಸ್ತೆ, ಚರಂಡಿ, ಕರೆಂಟಿನ ಖರ್ಚು ಕಳೆದ ಮೇಲೂ ಉಳಿಯುವ ಅಂತರವೇ ಈ ವ್ಯಾಪಾರದ ಜೀವ.

ಈ ಅಂತರದಲ್ಲಿ ಪಾಲು ಬೇಕೆಂದು ರೈತರು ಕೇಳಿದ್ದರಿಂದಲೇ ಕೆಂಪೇಗೌಡ ಬಡಾವಣೆಯಲ್ಲಿ ಬಿಡಿಎ 60:40 ಸೂತ್ರ ತಂದಿತು. ಪರಿಹಾರದ ಹಣದ ಬದಲು ಎಕರೆಗೆ 9,583 ಚದರ ಅಡಿ ಅಭಿವೃದ್ಧಿಪಡಿಸಿದ ನಿವೇಶನ. ಮೇಲಿನ 23,958ರಲ್ಲಿ ಶೇ 40 ಎಂದರೆ ಅಷ್ಟೇ ಆಗುತ್ತದೆ.

ಸರ್ಕಾರಿ ಬಡಾವಣೆಯಾದರೆ ಚಿಂತೆಯಿಲ್ಲ ಎನ್ನುವವರು ಅರ್ಕಾವತಿಯನ್ನು ನೆನೆಯಬೇಕು. 2003ರಲ್ಲಿ 16 ಹಳ್ಳಿಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ, 2004ರಲ್ಲಿ 2,750 ಎಕರೆಗೆ ಅಂತಿಮ ಅಧಿಸೂಚನೆ, ಆಮೇಲೆ ಹೈಕೋರ್ಟು, 2010ರಲ್ಲಿ ಸುಪ್ರೀಂ ಕೋರ್ಟಿನ ಷರತ್ತುಬದ್ಧ ಒಪ್ಪಿಗೆ, 2014ರಲ್ಲಿ ಜಮೀನು ಕೈಬಿಟ್ಟ ಬಗ್ಗೆ ನ್ಯಾಯಮೂರ್ತಿ ಕೆಂಪಣ್ಣ ಆಯೋಗ. ಇಷ್ಟು ವರ್ಷ ಹೊಲ ಬಿಟ್ಟವರೂ ಕಾದರು, ದುಡ್ಡು ಕಟ್ಟಿದವರೂ ಕಾದರು.

ರೇರಾ ಮತ್ತು ಐದು ಗುಂಟೆ

ಖಾಸಗಿ ಬಡಾವಣೆಗಳಿಗೆ ಲಗಾಮು ಹಾಕಲು ಬಂದದ್ದು 2016ರ ರೇರಾ ಕಾಯ್ದೆ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. ನೋಂದಣಿಯಿಲ್ಲದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಪಡೆಯುವಂತಿಲ್ಲ. ಕರಾರು ನೋಂದಣಿಗೆ ಮುಂಚೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಗ್ರಾಹಕರಿಂದ ಬಂದ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ‘ಪ್ರೀ-ಲಾಂಚ್ ಆಫರ್’ ಎಂದು ಪೂರ್ತಿ ದುಡ್ಡು ಕೇಳುವವರ ಬಗ್ಗೆ ಈ ಎರಡು ಸಾಲೇ ಸಾಕು.

ಆದರೆ 500 ಚದರ ಮೀಟರಿಗಿಂತ ಚಿಕ್ಕ ಜಾಗಕ್ಕೆ ರೇರಾ ನೋಂದಣಿ ಬೇಡ. ಅದು ಹೆಚ್ಚುಕಡಿಮೆ ಐದು ಗುಂಟೆ. ಸಣ್ಣ ಊರುಗಳಲ್ಲಿ ಹೊಲವನ್ನು ಚೂರುಚೂರು ಮಾಡಿ ಮಾರುವ ಜಾಗದಲ್ಲಿ ನಿಮ್ಮ ಪರವಾಗಿ ನಿಲ್ಲುವುದು ನೀವೇ ಕೇಳುವ ಪ್ರಶ್ನೆಗಳು ಮಾತ್ರ.

ಯಾವುದಕ್ಕೆ ಕೊಳ್ಳುತ್ತಿದ್ದೀರಿ?

ಈಗ ಉಳಿದದ್ದು ‘ಐದು ವರ್ಷಕ್ಕೆ ಎಷ್ಟಾಗುತ್ತೆ?’ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಕೊಡುವವರನ್ನು ನಾವು ನಂಬುವುದಿಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ದಿಕ್ಕಿನಲ್ಲಿ ಬೆಲೆ ಏರಿತು ನಿಜ. ಆ ಒಂದು ಕಥೆಯನ್ನು ಈಗ ರಾಜ್ಯದ ಎಲ್ಲ ಹೆದ್ದಾರಿ ಪಕ್ಕದ ಹೊಲಗಳಿಗೂ ಹೇಳುತ್ತಿದ್ದಾರೆ.

ಬದಲಿಗೆ ಮನೆಮಂದಿಯೆಲ್ಲ ಕೂತು ಗುರಿ ತೀರ್ಮಾನಿಸಿ. ಎರಡು-ಮೂರು ವರ್ಷದಲ್ಲಿ ಮನೆ ಕಟ್ಟುವುದಾದರೆ ನೀರು, ರಸ್ತೆ, ಬಸ್ಸು, ಶಾಲೆ ಮುಖ್ಯ. ಬ್ಯಾಂಕು ಸಾಲ ಕೊಡುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಬ್ಯಾಂಕಿನ ವಕೀಲರು ಒಪ್ಪದ ಕಾಗದವನ್ನು ನೀವು ಒಪ್ಪಬೇಕಾದ ಅಗತ್ಯವಿಲ್ಲ. ಮಕ್ಕಳಿಗೆಂದು ಇಡುವುದಾದರೆ ಬೆಲೆಗಿಂತ ಹಕ್ಕು ಶುದ್ಧವಾಗಿರುವುದು ಮುಖ್ಯ, ಏಕೆಂದರೆ ದಾವೆಯೂ ಮಕ್ಕಳ ಪಾಲಿಗೇ ಹೋಗುತ್ತದೆ. ಬೇಗ ಮಾರಿ ಲಾಭ ಮಾಡುವುದಾದರೆ ಖರ್ಚಿನ ಲೆಕ್ಕ ಹಾಕಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಖಾಲಿ ಸೈಟು ಬಾಡಿಗೆ ತರುವುದಿಲ್ಲ, ಆದರೆ ಸಾಲದ ಬಡ್ಡಿ ಪ್ರತಿ ತಿಂಗಳೂ ಓಡುತ್ತದೆ. ಆಸ್ಪತ್ರೆಗೆ ದುಡ್ಡು ಬೇಕಾದ ದಿನ ಸೈಟಿನ ಒಂದು ಮೂಲೆಯನ್ನು ಮಾರಲು ಆಗುವುದಿಲ್ಲ.

ಇದೆಲ್ಲದರ ಜೊತೆಗೆ ನಮ್ಮದೊಂದು ಸಲಹೆ. ಏಜೆಂಟರ ಕಾರಿನಲ್ಲಿ ಹೋಗಿ ಬಂದ ಮೇಲೆ, ಇನ್ನೊಂದು ದಿನ ಬಸ್ಸಿನಲ್ಲಿ ಆ ಊರಿಗೆ ಹೋಗಿ. ಅರಳಿಕಟ್ಟೆಯಲ್ಲೋ ಟೀ ಅಂಗಡಿಯಲ್ಲೋ ಕೂತು, ಆ ಹೊಲ ಮೊದಲು ಯಾರದಾಗಿತ್ತು, ಏನು ಬೆಳೆಯುತ್ತಿದ್ದರು, ಯಾಕೆ ಮಾರಿದರು, ಮನೆಯ ಹೆಣ್ಣುಮಕ್ಕಳು ಎಲ್ಲಿದ್ದಾರೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ. ಕೆರೆ ಅಂಗಳವೋ ಗೋಮಾಳವೋ ಆಗಿದ್ದರೆ ದನ ಮೇಯಿಸಿದವರಿಗೆ ನೆನಪಿರುತ್ತದೆ. ಕೇಳಿದ್ದನ್ನು ಪಹಣಿ, ಮ್ಯುಟೇಶನ್ ಜೊತೆ ಹೊಂದಿಸಿ ನೋಡಿ. ಎರಡೂ ಒಂದೇ ಕಥೆ ಹೇಳಿದರೆ ಮುಂಗಡ ಕೊಡುವ ಮಾತು ಆಡಿ. ಬೇರೆ ಬೇರೆ ಹೇಳಿದರೆ ಟೀ ಕುಡಿದು ವಾಪಸ್ ಬನ್ನಿ.